ಕೈ ಹಿಡಿಯದೆ ನಡೆಸೋದು

ಪೇಷೆಂಟುಗಳನ್ನು ನೋಡಿಕೊಳ್ಳೋ ಕೆಲಸ ಕಲಿಸುವ ಕೋರ್ಸು. ಮೊದಲನೇ ದಿನ ಕ್ಲಾಸಿನಲ್ಲಿ ವಾಕರ್ (ಹಿಡಿದು ನಡೆಯೋ ನಾಲ್ಕು ಕಾಲಿನ ಚೌಕಟ್ಟು), ಕೋಲು ಯಾವುದನ್ನೂ ಮುಟ್ಟೋಕೆ ಬಿಡಲಿಲ್ಲ. ನಾವು 14 ಜನ ಹೆಂಗಸರು. ಮೇಡಂ ಇಬ್ಬಿಬ್ಬರನ್ನು ಜೋಡಿ ಮಾಡಿದರು. ಒಬ್ಬಳು ಪೇಷೆಂಟು, ಇನ್ನೊಬ್ಬಳು ನೋಡಿಕೊಳ್ಳುವವಳು. "ಕುರ್ಚಿಯಿಂದ ಎಬ್ಬಿಸಿ, ಬಾಗಿಲ ತನಕ ನಡೆಸ್ಕೊಂಡು ಹೋಗಿ" ಅಂದರು. ಏಳು ಜೋಡಿಯೂ ಒಂದೇ ಕೆಲಸ ಮಾಡಿದೆವು. ಕೈ ಹಿಡಿದು ಎಳೆದೆವು.

"ಈಗ ಆ ಪೇಷೆಂಟಿಗೆ 80 ವರ್ಷ ಅಂದ್ಕೊಳ್ಳಿ. ಕಾಲು ಜಾರ್ತು. ಕೈ ನಿಮ್ಮ ಹತ್ರ ಇದೆ. ಏನಾಗುತ್ತೆ?"

ಯಾರೂ ಬಾಯಿ ಬಿಡಲಿಲ್ಲ.

"ಮನುಷ್ಯ ಕೆಳಗೆ ಹೋಗ್ತಾನೆ, ತೋಳು ನಿಮ್ಮ ಕೈಯಲ್ಲೇ ಉಳಿಯುತ್ತೆ. ಸೊಂಟ ಮುರಿದಿದ್ದು ಸಾಲದು ಅಂತ ಭುಜದ ಕೀಲೂ ತಪ್ಪುತ್ತೆ."

ಆವತ್ತು ಮಧ್ಯಾಹ್ನ ನನಗೆ ಊಟ ಸೇರಲಿಲ್ಲ. ನಮ್ಮಪ್ಪನನ್ನು ಕೊನೆಯ ಎರಡು ವರ್ಷ ನಾನು ಹಾಗೇ ರಟ್ಟೆ ಹಿಡಿದು ನಡೆಸಿದ್ದೆ. "ಬಿಡೇ, ನೋಯ್ತದೆ" ಅಂತಿದ್ದರು. ಹಟ ಮಾಡ್ತಾರೆ ಅಂದುಕೊಂಡಿದ್ದೆ.

ನಾನು 11 ವರ್ಷ ಪೀಣ್ಯದಲ್ಲಿ ಗಾರ್ಮೆಂಟ್ಸ್ ಕೆಲಸ ಮಾಡಿದವಳು. ಬೆನ್ನು ಹಿಡಿದುಕೊಂಡಿತು, ಬಿಟ್ಟೆ. ಶ್ರೀರಾಮಪುರದಲ್ಲಿ ನಮ್ಮ ವಠಾರದ ಒಬ್ಬಾಕೆ ಈ ಕೋರ್ಸಿನ ವಿಷಯ ಹೇಳಿದಳು. ಕಾಗದದಲ್ಲಿ ಇದರ ಹೆಸರು ಜನರಲ್ ಡ್ಯೂಟಿ ಅಸಿಸ್ಟೆಂಟ್. ಮನೆಗಳಲ್ಲಿ ಆಯಾ ಅಂತಾರೆ, ಕೆಲವರು ಸಿಸ್ಟರ್ ಅಂತಾರೆ. ಸಿಸ್ಟರ್ ಅಲ್ಲ ಅಂತ ನಾನೇ ತಿದ್ದುತ್ತೇನೆ. ಇಂಜೆಕ್ಷನ್ ಕೊಡು ಅಂದರೆ ಕಷ್ಟ, ಅಲ್ವಾ?

ಕೈ ಹಿಡಿಯಬಾರದು ಅಂದರೆ ಎಲ್ಲಿ ಹಿಡಿಯಬೇಕು? ಸೊಂಟಕ್ಕೆ ಒಂದು ಅಗಲ ಬೆಲ್ಟ್ ಕಟ್ಟಬೇಕು, ಅದನ್ನು ಹಿಡಿಯಬೇಕು. ಬಟ್ಟೆಯ ಮೇಲೆ, ಎರಡು ಬೆರಳು ತೂರುವಷ್ಟು ಸಡಿಲ. ಅಂಗೈ ಮೇಲಕ್ಕೆ ಮಾಡಿ, ಕೆಳಗಿನಿಂದ ಬೆರಳು ಹಾಕಿ ಹಿಡಿದರೆ ಭಾರ ಬಂದಾಗ ಕೈ ಜಾರಲ್ಲ. ನಿಲ್ಲೋದು ಎಲ್ಲಿ ಅಂದರೆ ನೋವಿನ ಕಾಲಿನ ಕಡೆ, ಅರ್ಧ ಹೆಜ್ಜೆ ಹಿಂದೆ. ಮುಂದೆ ನಿಂತು "ಬನ್ನಿ ಬನ್ನಿ" ಅಂತ ಮಗುವಿಗೆ ಕರೆದ ಹಾಗೆ ಕರೆಯೋರು ಬಹಳ. ಮುಂದೆ ನಿಂತರೆ ಅವರ ದಾರಿಗೆ ನಾವೇ ಅಡ್ಡ.

ಕ್ಲಾಸಿನಲ್ಲಿ ಬೆಲ್ಟ್ ಇದ್ದದ್ದು ಒಂದೇ. ನಾನು ಚಿಕ್ಕಪೇಟೆಗೆ ಹೋಗಿ ಬ್ಯಾಗಿನ ಹೆಗಲಿಗೆ ಹಾಕುವ ದಪ್ಪ ಪಟ್ಟಿ ತಂದೆ. ಎರಡು ಸಾಲು ಜೋಡಿಸಿ, ಗಟ್ಟಿ ಬಕಲ್ ಹಾಕಿ, ಮನೆಯ ಮಿಷಿನ್ನಿನಲ್ಲೇ ಹೊಲಿದೆ. ಮೇಡಂ ಎಳೆದು ಎಳೆದು ನೋಡಿದರು, ಹೊಲಿಗೆ ಬಿಡಲಿಲ್ಲ. 11 ವರ್ಷ ಕಾಲರ್ ಹೊಲಿದದ್ದು ಎಲ್ಲಿ ಹೋಗುತ್ತೆ! ಈಗಲೂ ನನ್ನ ಬ್ಯಾಗಿನಲ್ಲಿ ಅದೇ ಬೆಲ್ಟ್. ಜೊತೆಗೆ ಇಂಚ್ ಟೇಪೂ ಇರುತ್ತೆ, ಹಳೇ ಅಭ್ಯಾಸ.

ಆ ಟೇಪ್ ಹಿಡಿದು ವಾಕರಿನ ಎತ್ತರ ಅಳೆಯೋಕೆ ಹೋಗಿ ನಗೆಪಾಟಲಾದೆ. ಟೇಪ್ ಬೇಡವಂತೆ. ಪೇಷೆಂಟು ದಿನಾ ಹಾಕುವ ಚಪ್ಪಲಿ ಹಾಕಿಕೊಂಡು ನೆಟ್ಟಗೆ ನಿಲ್ಲಬೇಕು, ಕೈ ಇಳಿಬಿಡಬೇಕು. ಮಣಿಕಟ್ಟಿನ ಗೆರೆ ಎಲ್ಲಿ ಬರುತ್ತೋ ಹಿಡಿಕೆ ಅಲ್ಲಿಗೆ ಬರಬೇಕು. ಹಿಡಿದಾಗ ಮೊಣಕೈ ಸ್ವಲ್ಪ ಬಾಗಿರುತ್ತೆ. ಕೋಲಿಗೂ ಇದೇ ಅಳತೆ. ವಾಕರಿನ ಒಂದೊಂದು ಕಾಲಿಗೂ ತೂತುಗಳಿರುತ್ತವೆ, ಗುಂಡಿ ಒತ್ತಿ ಏರಿಸಿ ಇಳಿಸಬೇಕು. ನಾಲ್ಕೂ ಕಡೆ 'ಟಕ್' ಅಂತ ಸದ್ದು ಬಂತಾ ಅಂತ ಕೇಳಿಸಿಕೊಳ್ಳಬೇಕು. ಅಂಗಡಿಯವರು ಕೊಟ್ಟ ಹಾಗೇ ಇಟ್ಟುಕೊಂಡ ಮನೆಗಳನ್ನು ಎಷ್ಟೋ ನೋಡಿದ್ದೇನೆ. ಎತ್ತರ ಜಾಸ್ತಿ ಆದರೆ ಹೆಗಲು ಕಿವಿಗೆ ಬರುತ್ತೆ, ಕಮ್ಮಿ ಆದರೆ ಬೆನ್ನು ಬಾಗುತ್ತೆ.

ಎರಡನೇ ವಾರ ನಮ್ಮ ಕೈಗೆ ಕಂಕುಳ ಕೋಲು ಕೊಟ್ಟರು. "ಎಡಗಾಲು ನೆಲಕ್ಕೆ ತಾಗಬಾರದು. ಬಸ್ ಸ್ಟಾಪ್ ತನಕ ಹೋಗಿ ವಾಪಸ್ ಬನ್ನಿ." ರಾಜಾಜಿನಗರದ ಆ ರಸ್ತೆಯಲ್ಲಿ ಬಸ್ ಸ್ಟಾಪು 200 ಮೀಟರ್ ಕೂಡ ಇರಲಿಲ್ಲ. ಅರ್ಧ ಗಂಟೆ ಹಿಡಿಯಿತು. ಫುಟ್‌ಪಾತಿನ ಎರಡು ಚಪ್ಪಡಿ ನಡುವಿನ ಸಂದಿಗೆ ಕೋಲಿನ ತುದಿ ಸಿಕ್ಕಿಕೊಂಡಿತು. ಒಂದು ಕಡೆ ಮರದ ಬೇರು ಕಲ್ಲನ್ನೇ ಎತ್ತಿಬಿಟ್ಟಿತ್ತು. ಒಂದು ಕಡೆ ಪಾನಿಪುರಿ ಗಾಡಿ, ಅದರ ಸುತ್ತ ನೀರು. ರಸ್ತೆಗೆ ಇಳಿದರೆ ಆಟೋ. ಸಂಜೆ ಹೊತ್ತಿಗೆ ಬಲಗೈ ಬೆರಳು ಜೋಮು ಹಿಡಿದಿತ್ತು. ಹೇಳಿಕೊಟ್ಟಿದ್ದರೂ ಸುಸ್ತಾದಾಗ ನಾನು ಕೋಲಿಗೆ ಕಂಕುಳಲ್ಲಿ ನೇತಾಡಿದ್ದೆ. ಕಂಕುಳಿಗೂ ಕೋಲಿಗೂ ಎರಡು ಮೂರು ಬೆರಳು ಸಂದಿ ಇರಬೇಕು, ಭಾರ ಎಲ್ಲಾ ಅಂಗೈ ಮೇಲೆ. ಅಲ್ಲೊಂದು ನರ ಹೋಗುತ್ತೆ. ತುಂಬಾ ದಿನ ಒತ್ತಿದರೆ ಮಣಿಕಟ್ಟು ಎತ್ತೋಕೇ ಆಗದ ಹಾಗೆ ಆಗುತ್ತಂತೆ.

ಆ ಅರ್ಧ ಗಂಟೆ ಆದಮೇಲೆ ನಾನು ಯಾವ ಪೇಷೆಂಟಿಗೂ "ಬೇಗ ಬೇಗ" ಅಂದಿಲ್ಲ.

ಕೋರ್ಸು ಮುಗಿದು ಒಂದು ಏಜೆನ್ಸಿ ಸೇರಿದೆ. ಮೊದಲು ಸಿಕ್ಕಿದ್ದು ಮಲ್ಲೇಶ್ವರದ ಒಂದು ಹಳೇ ಮನೆ, 79 ವರ್ಷದ ಅಜ್ಜಿ. ರಾತ್ರಿ ಬಚ್ಚಲಿಗೆ ಹೋಗುವಾಗ ಬಿದ್ದು ಬಲಗಡೆ ಸೊಂಟದ ಹತ್ತಿರ ಮೂಳೆ ಮುರಿದಿತ್ತು. ಅರ್ಧ ಕೀಲು ಬದಲಾಯಿಸಿದ್ದರು. ಆಪರೇಷನ್ ಆದ ಮಾರನೇ ದಿನವೇ ಆಸ್ಪತ್ರೆಯಲ್ಲಿ ನಿಲ್ಲಿಸಿದ್ದರಂತೆ. ಪೂರ್ತಿ ಭಾರ ಹಾಕಬಹುದು ಅಂತ ಡಾಕ್ಟರ್ ಚೀಟಿಯಲ್ಲಿ ಬರೆದಿದ್ದರು. ಈ ಒಂದು ಸಾಲು ಓದದೆ ಯಾರನ್ನೂ ನಡೆಸಬಾರದು. ಕೆಲವರಿಗೆ ಅರ್ಧ ಭಾರ, ಕೆಲವರಿಗೆ ಬರೀ ಬೆರಳು ತಾಗಿಸೋದು, ಕೆಲವರಿಗೆ ಅದೂ ಇಲ್ಲ. ಅದು ಡಾಕ್ಟರ್ ಹೇಳೋ ಮಾತು, ನಾವು ಊಹೆ ಮಾಡೋದಲ್ಲ.

ಅಜ್ಜಿಗೆ ಮಣೆ ಮೇಲೆ ಕೂರೋ ಹಾಗಿಲ್ಲ, ಕಾಲ ಮೇಲೆ ಕಾಲು ಹಾಕೋ ಹಾಗಿಲ್ಲ, ಬಗ್ಗಿ ಏನೂ ಎತ್ತೋ ಹಾಗಿಲ್ಲ. ಮಂಚ ತಗ್ಗಾಗಿತ್ತು ಅಂತ ಮಗ ನಾಲ್ಕೂ ಕಾಲಿಗೆ ಮರದ ದಿಮ್ಮಿ ಕೊಟ್ಟು ಎತ್ತರಿಸಿದ್ದರು. ಆದರೆ ಬಚ್ಚಲ ಬಾಗಿಲು? ಅಲ್ಲಿ ನನ್ನ ಟೇಪು ಕೆಲಸಕ್ಕೆ ಬಂತು. ಬಾಗಿಲು 24 ಇಂಚು, ವಾಕರ್ 23. ಹಿಡಿಕೆ ಮೇಲಿನ ಕೈ ಬಾಗಿಲಿಗೆ ತರಚೋದು ಗ್ಯಾರಂಟಿ. ವಾರಕ್ಕೆ ಮೂರು ದಿನ ಬರುತ್ತಿದ್ದ ಫಿಸಿಯೋ ನೋಡಿ, ಸದ್ಯಕ್ಕೆ ರೂಮಿನಲ್ಲೇ ಕಮೋಡ್ ಕುರ್ಚಿ ಇಡಿ ಅಂದರು. ಅಜ್ಜಿ ಎರಡು ದಿನ ಮಾತು ಬಿಟ್ಟರು.

ಬೆಳಿಗ್ಗೆ ಎಬ್ಬಿಸಿದ ತಕ್ಷಣ ನಿಲ್ಲಿಸಬಾರದು. ಮಂಚದ ಅಂಚಿಗೆ ಕಾಲು ಇಳಿಬಿಟ್ಟು ಎರಡು ಮೂರು ನಿಮಿಷ ಕೂರಿಸಬೇಕು. ಮಲಗಿದ್ದವರು ಎದ್ದಾಗ ರಕ್ತ ಕಾಲಿಗೆ ಇಳಿದು ಬಿಪಿ ಕಮ್ಮಿ ಆಗುತ್ತೆ, ಕಣ್ಣು ಕತ್ತಲೆ ಬರುತ್ತೆ. ಬಿಪಿ ಮಾತ್ರೆ ತಗೊಳ್ಳೋರಿಗೆ ಇನ್ನೂ ಜಾಸ್ತಿ. ಆ ಎರಡು ನಿಮಿಷ ಅಜ್ಜಿ ಸುಮ್ನೆ ಕೂರೋರಲ್ಲ. 1898ರಲ್ಲಿ ಬೆಂಗಳೂರಿಗೆ ಪ್ಲೇಗು ಬಂದಿದ್ದು, ಆಮೇಲೆ ಗಾಳಿ ಬೆಳಕು ಇರಲಿ ಅಂತ ಅಗಲ ರಸ್ತೆ ಹಾಕಿ ಮಲ್ಲೇಶ್ವರ ಕಟ್ಟಿದ್ದು, ಅವರ ಮಾವನವರು ಸೈಟು ತಗೊಂಡಿದ್ದು, ಎಲ್ಲಾ ಬರುತ್ತಿತ್ತು. ನಾನು ಕೇಳುತ್ತಾ ಅವರ ಮುಖದ ಬಣ್ಣ ನೋಡುತ್ತಿದ್ದೆ. ಮಾತು ತಡವರಿಸಿದರೆ ಇನ್ನೂ ಒಂದು ನಿಮಿಷ.

ಆಮೇಲೆ ಎದ್ದೇಳೋದು. ಎಲ್ಲರೂ ವಾಕರ್ ಹಿಡಿದು ಅದನ್ನೇ ಎಳೆದುಕೊಂಡು ಏಳೋಕೆ ನೋಡ್ತಾರೆ. ವಾಕರ್ ಹಗುರ, ಅವರ ಮೇಲೇ ಬೀಳುತ್ತೆ. ಮಂಚದ ಅಂಚಿಗೆ ಸರಿದು, ಹಾಸಿಗೆಗೆ ಕೈ ಊರಿ, ನೂಕಿಕೊಂಡು ಏಳಬೇಕು. ನಿಂತಮೇಲೆ ಒಂದೊಂದೇ ಕೈ ವಾಕರಿಗೆ. ಕೂರೋದೂ ಹೀಗೇ. ಹಿಂದೆ ಹಿಂದೆ ಬಂದು, ಮಂಡಿಯ ಹಿಂಬದಿಗೆ ಕುರ್ಚಿ ತಾಗಬೇಕು. ನೋವಿನ ಕಾಲು ಸ್ವಲ್ಪ ಮುಂದೆ ಚಾಚಿ, ಕೈ ಹಿಂದಕ್ಕೆ ಒಯ್ದು ಕುರ್ಚಿ ಹಿಡಿದು, ಆಮೇಲೆ ಕೂರಬೇಕು. ಕುರ್ಚಿ ಕಂಡ ಕೂಡಲೇ ದೊಪ್ಪನೆ ಕೂರೋಕೆ ಹೋಗ್ತಿದ್ದರು ಅಜ್ಜಿ. "ತಾಗ್ತಾ?" "ಹೂಂ ಕಣೇ, ತಾಗ್ತು." ದಿನಕ್ಕೆ ಹತ್ತು ಸಲ ಇದೇ ಸಂಭಾಷಣೆ.

ನಡಿಗೆಗೆ ಒಂದು ಹಾಡಿನ ಥರ ಮಾಡಿಕೊಂಡೆವು. ವಾಕರ್, ನೋವಿನ ಕಾಲು, ಗಟ್ಟಿ ಕಾಲು. ವಾಕರಿನ ನಾಲ್ಕೂ ಕಾಲು ನೆಲಕ್ಕೆ ಕೂತ ಮೇಲೇ ಹೆಜ್ಜೆ. ಕ್ಲಾಸಿನಲ್ಲಿ ಒಳ್ಳೇ ಕಾಲು, ಕೆಟ್ಟ ಕಾಲು ಅಂತಿದ್ದರು. ಅಜ್ಜಿ ಮೊದಲ ದಿನವೇ ತಡೆದರು. "79 ವರ್ಷ ಹೊತ್ತಿದೆ ಕಣೇ ನನ್ನನ್ನ. ಕೆಟ್ಟದ್ದು ಅನ್ನಬೇಡ." ಆವತ್ತಿನಿಂದ ನೋವಿನ ಕಾಲು.

ಇನ್ನು ಹೊಸಿಲು. ನಡುಮನೆಯಿಂದ ವರಾಂಡಕ್ಕೆ ಮೂರಿಂಚು ಎತ್ತರದ ಹಳೇ ಹೊಸಿಲು, ದಿನಾ ಅರಿಶಿನ ಕುಂಕುಮ. ವಾಕರನ್ನು ಹತ್ತಿರ ತಂದು, ನಾಲ್ಕೂ ಕಾಲು ಆಚೆ ದಾಟಿಸಿ, ಆಮೇಲೆ ಹೆಜ್ಜೆ ದಾಟಿಸಬೇಕು ಅಂತ ಫಿಸಿಯೋ ತೋರಿಸಿಕೊಟ್ಟರು. ಒಂದು ಕಾಲೂ ಹೊಸಿಲ ಮೇಲೆ ಕೂರಬಾರದು, ಕೂತರೆ ವಾಕರ್ ಅಲ್ಲಾಡುತ್ತೆ. ನಾನು ಇದನ್ನು ವಿವರಿಸೋಕೆ ಬಾಯಿ ತೆರೆದೆ. "ಹೊಸಿಲು ತುಳೀಬಾರದು ಅಂತ ನನಗೆ ಹೇಳಿಕೊಡ್ತೀಯಾ?" ಅಂದರು. ಆಮೇಲೆ ಒಂದು ಸಲವೂ ತಪ್ಪಲಿಲ್ಲ. ಹೊಸಿಲ ಮುಂದಿನ ಕಾಲೊರಸು ಮಾತ್ರ ನಾನೇ ಎತ್ತಿ ಬಚ್ಚಿಟ್ಟೆ.

19ನೇ ದಿನ ಬೆಳಿಗ್ಗೆ ವರಾಂಡದಲ್ಲಿ ನಡೆಸುತ್ತಿದ್ದೆ. ಕೆಂಪು ರೆಡ್ ಆಕ್ಸೈಡ್ ನೆಲ, ಕನ್ನಡಿ ಹಾಗೆ. ಕೆಲಸದವಳು ಒರೆಸಿ ಹೋಗಿ ಸ್ವಲ್ಪ ಹೊತ್ತಾಗಿತ್ತು. ಒಣಗಿದೆ ಅಂತ ಕಣ್ಣಲ್ಲೇ ನೋಡಿದೆ, ಕಾಲಿಂದ ಮುಟ್ಟಿ ನೋಡಲಿಲ್ಲ. ರಸ್ತೆಯಲ್ಲಿ ಹೂವಿನವಳ ಕೂಗು ಬಂತು. ಅಜ್ಜಿ "ಏಯ್, ನಿಲ್ಲೇ!" ಅಂತ ಬಲಗೈ ಎತ್ತಿ ಬಲಕ್ಕೆ ತಿರುಗಿಬಿಟ್ಟರು. ಆಪರೇಷನ್ ಆದ ಕಾಲಿನ ಮೇಲೇ, ಬುಗುರಿ ಹಾಗೆ. ತಿರುಗುವಾಗ ಸಣ್ಣ ಸಣ್ಣ ಹೆಜ್ಜೆ ಹಾಕಬೇಕು, ಕಾಲು ಊರಿ ಮೈ ತಿರುಗಿಸಬಾರದು ಅಂತ ನೂರು ಸಲ ಹೇಳಿದ್ದೆ. ಹೂವು ಅಂದರೆ ಅದೆಲ್ಲಾ ಎಲ್ಲಿ ನೆನಪಿರುತ್ತೆ.

ವಾಕರಿನ ಮುಂದಿನ ಕಾಲು ಜಾರಿತು. ಬೆಲ್ಟಿನಲ್ಲಿದ್ದ ನನ್ನ ಕೈಗೆ ಒಮ್ಮೆಗೇ ಭಾರ ಬಂತು. ನಿಜ ಹೇಳಬೇಕು, ನನ್ನ ಇನ್ನೊಂದು ಕೈ ಅವರ ರಟ್ಟೆಗೇ ಹೋಯಿತು. ಹಿಡಿದೂಬಿಟ್ಟೆ. ಕೈಯೊಳಗೆ ಆ ತೆಳ್ಳನೆ ತೋಳು ಸಿಕ್ಕಿದಾಗ ಮೇಡಂ ಮಾತು ನೆನಪಾಯಿತೋ, ಅಪ್ಪನ ಮಾತು ನೆನಪಾಯಿತೋ ಗೊತ್ತಿಲ್ಲ, ಬಿಟ್ಟೆ. ಕಾಲು ಅಗಲಿಸಿ ಒಂದು ಕಾಲು ಮುಂದೆ ಕೊಟ್ಟೆ. ಬೆಲ್ಟ್ ಹಿಡಿದು ಅವರನ್ನು ನನ್ನ ಮೈಗೆ ಒತ್ತಿಕೊಂಡೆ. ನನ್ನ ತೊಡೆ ಮೇಲಿಂದ ಜಾರಿಸಿ, ನಾನೂ ಮಂಡಿ ಬಗ್ಗಿಸುತ್ತಾ, ಇಬ್ಬರೂ ನೆಲಕ್ಕೆ ಇಳಿದೆವು. ಅವರ ತಲೆ ನನ್ನ ಎದೆ ಮೇಲೆ.

ಬೀಳೋರನ್ನು ಎತ್ತಿ ನಿಲ್ಲಿಸೋಕೆ ಹೋಗಬಾರದು, ಇಳಿಸಬೇಕು. ಕ್ಲಾಸಿನಲ್ಲಿ ಇದನ್ನು ಚಾಪೆ ಹಾಸಿ, ನಕ್ಕೊಂಡು, ಇಪ್ಪತ್ತು ಸಲ ಮಾಡಿದ್ದೆವು.

ನನ್ನ ಮಂಡಿ ಚಿಪ್ಪು ತರಚಿ ರಕ್ತ ಬಂದಿತ್ತು. ಅಜ್ಜಿ ಮೊದಲು ನೋಡಿದ್ದು ಅದನ್ನೇ. "ಅಯ್ಯೋ, ನಿನಗೇನಾಯ್ತೇ?" ಅಷ್ಟರಲ್ಲಿ ಮಗ ಓಡಿ ಬಂದರು, ಕಂಕುಳಿಗೆ ಕೈ ಹಾಕಿ ಎತ್ತೋಕೆ ಹೊರಟರು. "ಮುಟ್ಟಬೇಡಿ ಸಾರ್!" ಅಂತ ಕಿರುಚಿದೆ. ಆ ಮನೆಯಲ್ಲಿ ನಾನು ದನಿ ಎತ್ತಿದ್ದು ಅದೊಂದೇ ಸಲ. ಎಲ್ಲಿ ನೋವು ಅಂತ ಕೇಳಿದೆ. ಎರಡೂ ಕಾಲಿನ ಉದ್ದ ನೋಡಿದೆ. ಒಂದು ಕಾಲು ಗಿಡ್ಡ ಆಗಿ ಪಾದ ಹೊರಗೆ ತಿರುಗಿದ್ದರೆ ಅಲುಗಿಸಲೇಬಾರದು. ಎರಡೂ ಸಮ ಇದ್ದವು. ಆಸ್ಪತ್ರೆಗೆ ಫೋನ್ ಮಾಡಿ ಕೇಳಿ, ದಪ್ಪ ಜಮಖಾನ ಕೆಳಗೆ ತೂರಿಸಿ, ಪಕ್ಕದ ಮನೆಯವರನ್ನೂ ಸೇರಿಸಿ ನಾಲ್ಕು ಜನ ಮಂಚಕ್ಕೆ ಎತ್ತಿದೆವು. ಸಂಜೆ ಎಕ್ಸ್‌ರೇ ಆಯಿತು. ಏನೂ ಆಗಿರಲಿಲ್ಲ.

ಏಜೆನ್ಸಿಯ ಪುಸ್ತಕದಲ್ಲಿ ಏನು ಬರೆಯೋದು ಅಂತ ತುಂಬಾ ಹೊತ್ತು ಕೂತೆ. "ನಿಧಾನಕ್ಕೆ ಕೂರಿಸಿದೆ ಅಂತ ಬರಿ, ಸಾಕು" ಅಂದಳು ಜೊತೆಯವಳು. ನೆಲಕ್ಕೆ ಹೋದರೆ ಅದು ಬಿದ್ದ ಹಾಗೇ ಲೆಕ್ಕ ಅಂತ ನಮಗೆ ಹೇಳಿಕೊಟ್ಟಿದ್ದರು. "ಬಿದ್ದರು" ಅಂತಲೇ ಬರೆದೆ. ಆ ದಿನದ ಸಂಬಳ ಹಿಡಿದರು. ನಿಜ ಬರೆದವಳಿಗೆ ದಂಡ ಅಂದರೆ ಮುಂದಿನವಳು ಯಾಕೆ ಬರೆಯುತ್ತಾಳೆ ಅಂತ ಕೇಳಿದೆ. ಉತ್ತರ ಬರಲಿಲ್ಲ.

ರಾತ್ರಿ ವಾಕರನ್ನು ತಲೆಕೆಳಗು ಮಾಡಿ ನೋಡಿದೆ. ಮುಂದಿನ ಎಡಗಾಲಿನ ತುದಿಗೆ ಹಾಕೋ ರಬ್ಬರ್ ಬುಷ್ ಸವೆದು ಗೆರೆಯೇ ಇರಲಿಲ್ಲ, ಅಂಚಿನಲ್ಲಿ ಅಲ್ಯೂಮಿನಿಯಂ ಇಣುಕುತ್ತಿತ್ತು. ಅದು ಯಾರೋ ನೆಂಟರು ಬಳಸಿ ಬಿಟ್ಟಿದ್ದ ವಾಕರ್. ಎತ್ತರ ಸರಿಮಾಡಿದ್ದೆ, ಟಕ್ ಸದ್ದು ಕೇಳಿಸಿಕೊಂಡಿದ್ದೆ, ಬುಷ್ ನೋಡಿರಲಿಲ್ಲ. ಹೊಸ ಬುಷ್ ಮೆಡಿಕಲ್ ಅಂಗಡಿಯಲ್ಲೇ ಸಿಗುತ್ತೆ. ಹಳೇದನ್ನು ಕೈಯಲ್ಲಿ ಹಿಡಿದುಕೊಂಡು ಹೋಗಿ, ಅಳತೆ ಬೇರೆ ಬೇರೆ ಇರುತ್ತೆ. ಈಗ ಹೊಸ ಮನೆಗೆ ಹೋದರೆ ಮೊದಲು ಬುಷ್ ನೋಡ್ತೀನಿ, ಆಮೇಲೆ ಪೇಷೆಂಟಿನ ಮುಖ.

ನಡುವೆ ಎರಡು ವಾರ ನನ್ನನ್ನು ಮತ್ತೀಕೆರೆಗೆ ಹಾಕಿದ್ದರು. ಬೈಕು ಗುಂಡಿಗೆ ಇಳಿದು ಮೊಣಕಾಲ ಕೆಳಗೆ ಮುರಿದುಕೊಂಡ ಇಂಜಿನಿಯರಿಂಗ್ ಹುಡುಗ, ಎರಡನೇ ಮಹಡಿ ಪಿಜಿ, ಲಿಫ್ಟ್ ಇಲ್ಲ. ಯೂಟ್ಯೂಬ್ ನೋಡಿ ಎಲ್ಲಾ ಗೊತ್ತು ಅಂತಿದ್ದ. ಕಂಕುಳಲ್ಲಿ ನೇತಾಡೋದು ನನ್ನ ಹಾಗೇ. ಅವನಿಗೆ ನಾನು ಕಲಿಸಿದ್ದು ಇಷ್ಟೇ: ಹತ್ತುವಾಗ ಗಟ್ಟಿ ಕಾಲು ಮೊದಲು, ಇಳಿಯುವಾಗ ಕೋಲು ಮತ್ತು ನೋವಿನ ಕಾಲು ಮೊದಲು. ನಾನು ಯಾವಾಗಲೂ ಅವನಿಗಿಂತ ಕೆಳಗಿನ ಮೆಟ್ಟಿಲಲ್ಲಿ. ಹತ್ತುವಾಗ ಹಿಂದೆ, ಇಳಿಯುವಾಗ ಮುಂದೆ. "ಅಕ್ಕಾ, ನಾನು ಬಿದ್ದರೆ ನೀವು ಚಪಾತಿ" ಅಂತಿದ್ದ. ಹೌದು ಕಣೋ, ಅದಕ್ಕೇ ಬೀಳಬೇಡ.

ವಾಪಸ್ ಬಂದಾಗ ಅಜ್ಜಿ ವಾಕರಿನಲ್ಲಿ ಗೇಟಿನ ತನಕ ಹೋಗಿ ಬರುತ್ತಿದ್ದರು. ಇನ್ನೂ ಕೆಲವು ವಾರ ಆದಮೇಲೆ ಫಿಸಿಯೋ, ಇನ್ನು ಕೋಲು ಹಿಡಿಯಬಹುದು ಅಂದರು. ಮಗ ಅವತ್ತೇ ಕೋಲು ತಂದು ಬಲಗೈಗೆ ಕೊಟ್ಟರು. ನಾನು ಎಡಗೈ ಅಂದೆ. "ನೋವಿರೋದು ಬಲಗಡೆ ಅಲ್ವೇನಮ್ಮ? ಆಸರೆ ಆ ಕಡೆ ತಾನೆ ಬೇಕು?" ಅಂದರು. ಎಲ್ಲರೂ ಹೀಗೇ ಅಂದುಕೊಳ್ಳೋದು, ಅವರ ತಪ್ಪಲ್ಲ. ನಡೆಯುವಾಗ ಬಲಗಾಲು ಮುಂದೆ ಹೋದರೆ ಎಡಗೈ ಮುಂದೆ ಬರುತ್ತೆ. ಕೋಲು ಆ ಎಡಗೈಯಲ್ಲಿದ್ದರೆ ನೋವಿನ ಕಾಲಿನ ಜೊತೆಗೇ ನೆಲ ಮುಟ್ಟುತ್ತೆ, ಭಾರ ಎರಡೂ ಹಂಚಿಕೊಳ್ಳುತ್ತವೆ. ತುಂಬಿದ ಬಕೆಟ್ ಬಲಗೈಯಲ್ಲಿ ಹಿಡಿದು ನಡೆದು ನೋಡಿ, ಎಡಗೈ ತಾನಾಗೇ ಆಚೆ ಚಾಚುತ್ತೆ. ಯಾಕೆ? ಮೈ ಒಂದು ಕಡೆ ವಾಲದೆ ಇರಲಿ ಅಂತ. ಕೋಲೂ ಅದೇ ಕೆಲಸ ಮಾಡೋದು. ಮಗ ಬಕೆಟ್ ಹಿಡಿದು ನಡೆದೂ ನೋಡಿದರು, ಒಪ್ಪಿದರು.

ಅಜ್ಜಿಗೆ ಬಕೆಟ್ ಕಥೆ ಬೇಕಿರಲಿಲ್ಲ. "ಎಡಗೈಲಿ ಕೋಲು ಇದ್ದರೆ ಬಲಗೈ ಖಾಲಿ. ಹೂವು ಎಡಗೈಲಿ ಇಸ್ಕೊಳ್ಳೋಕಾಗುತ್ತಾ?" ಅಂದರು. ಅಲ್ಲಿಗೆ ಚರ್ಚೆ ಮುಗಿಯಿತು.

ಕೋಲು ಹಿಡಿದು ಮೊದಲ ಸಲ ಗೇಟಿಗೆ ಹೋದ ದಿನ ಚಪ್ಪಲಿ ಹಿಂದೆ ಪಟ್ಟಿ ಇರೋದು ಹಾಕಿಸಿದೆ, ಹವಾಯಿ ಅಲ್ಲ. ನೈಟಿ ಅಂಚನ್ನು ಹಿಂದಿನ ರಾತ್ರಿಯೇ ಎರಡಿಂಚು ಮಡಿಸಿ ಹೊಲಿದಿದ್ದೆ. ಸೊಂಟಕ್ಕೆ ಬೆಲ್ಟ್ ಕಟ್ಟಿದೆ. ಆದರೆ ಹಿಡಿಯಬೇಡಿ ಅಂತ ಫಿಸಿಯೋ ಹೇಳಿದ್ದರು, ಹಿಡಿಯಲಿಲ್ಲ. ನನ್ನ ಕೈ ಬೆಲ್ಟಿನಿಂದ ಎರಡು ಬೆರಳು ದೂರ, ಗಾಳಿಯಲ್ಲಿ. ಇಡೀ ಕೋರ್ಸಿನಲ್ಲಿ ಅಷ್ಟು ಕಷ್ಟದ ಪಾಠ ಇನ್ನೊಂದಿರಲಿಲ್ಲ. ವರಾಂಡ, ಹೊಸಿಲಿಲ್ಲದ ಎರಡು ಮೆಟ್ಟಿಲು, ತುಳಸಿಕಟ್ಟೆ, ಗೇಟು. ನಾನು ಅರ್ಧ ಹೆಜ್ಜೆ ಹಿಂದೆ, ಬಲಗಡೆ.

ಹೂವಿನವಳು ಬುಟ್ಟಿ ಇಳಿಸಿದಳು. ಕಾಕಡ. ಮೊಣಕೈಯಿಂದ ಬೆರಳ ತುದಿಗೆ ಸರಕ್ಕನೆ ಎಳೆದು ಎರಡು ಮೊಳ ಕತ್ತರಿಸಿದಳು. ಅಜ್ಜಿ ಬಲಗೈ ಚಾಚಿ ಇಸ್ಕೊಂಡರು, ತೂಗಿ ನೋಡಿದರು.

"ನಾನು ಮಲಗಿದ್ದಾಗ ನಿನ್ನ ಮೊಳ ಗಿಡ್ಡ ಆಯ್ತೇನೇ?"

"ಅಯ್ಯೋ ಅಮ್ಮಾ, ಅದೇ ಕೈ, ಅದೇ ಮೊಳ!"

ಅಜ್ಜಿ ನನ್ನ ಕಡೆ ನೋಡಿದರು. ಮೈ ತಿರುಗಿಸಲಿಲ್ಲ, ಕತ್ತು ಮಾತ್ರ. "ಏನೇ, ನಿನ್ನ ಟೇಪು ತಂದಿದ್ದೀಯಾ?"

ತಂದಿದ್ದೆ. ಎಡಗೈ ಬೆಲ್ಟಿನ ಹತ್ತಿರವೇ ಇಟ್ಟು, ಬಲಗೈಯಲ್ಲಿ ಟೇಪ್ ಬಿಚ್ಚಿ ತುದಿಯನ್ನು ಹೂವಿನವಳ ಕೈಗೇ ಕೊಟ್ಟೆ. ಎರಡು ಮೊಳ ಅಂದರೆ 36 ಇಂಚು ಬರಬೇಕು. 33 ಇತ್ತು.